ಅಕ್ಕನ ಕಿವಿಗೊಂದು ಮೆತ್ತೆ

ಬಾಯಿ ಸುಳ್ಳು ಹೇಳಬಹುದು, ಕುಂಡೆ ಹೇಳುವುದಿಲ್ಲ. ಕುಶನ್ ಮಾಮನ ಇಡೀ ವಿದ್ಯೆ ಈ ಒಂದು ಮಾತಿನ ಮೇಲೆ ನಿಂತಿತ್ತು. ಕೂತಿತ್ತು ಅಂದರೂ ಸರಿಯೇ. ಸೋಫಾ ಹೊಲಿದು ಮುಗಿಸಿ ಗಿರಾಕಿಯನ್ನು ಕೂರಿಸಿದ ಮೇಲೆ ಅವನು ಹೇಗಿದೆ ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಯಾರಾದರೂ ಚೆನ್ನಾಗಿಲ್ಲ ಅನ್ನುತ್ತಾರೆಯೇ? ಜನಕ್ಕೆ ದಾಕ್ಷಿಣ್ಯ ಜಾಸ್ತಿ. ಅವನು ಚಹಾ ತರಿಸಿ, ಮನೆಯಲ್ಲಿ ಸೋರುವ ನಲ್ಲಿ, ಮಂಡಿನೋವು, ಮಗನ ಪರೀಕ್ಷೆ ಎಂದು ಏನೋ ಒಂದು ಮಾತು ತೆಗೆದು, ಓರೆಗಣ್ಣಿನಲ್ಲಿ ಅವರು ಕೂತ ಭಂಗಿಯನ್ನೇ ನೋಡುತ್ತಿದ್ದ. ಚಹಾ ಮುಗಿಯುವ ಮೊದಲು ಗಿರಾಕಿ ಮೈ ಜರುಗಿಸಿದರೆ ಒಳಗಿನ ಫೋಮು ಸರಿಯಿಲ್ಲ ಎಂದೇ ಲೆಕ್ಕ. ‘ಆಹಾ, ಹೂವಿನ ಹಾಸಿಗೆ’ ಎಂದು ಅವರು ಹೊಗಳುತ್ತಿದ್ದರೂ ಇವನು ಎಬ್ಬಿಸಿ ಹೊಲಿಗೆ ಬಿಚ್ಚುತ್ತಿದ್ದ. ಹಾಗೆ ನೋಡಿದ್ದಕ್ಕೆ ಒಬ್ಬಾಕೆ ತಪ್ಪು ತಿಳಿದು ಉಗಿದು ಉಪ್ಪಿನಕಾಯಿ ಹಾಕಿದ್ದೂ ಉಂಟು. ಇನ್ನೊಂದು ನಿಯಮ, ಗಿರಾಕಿ ಕೂರುವ ಮೊದಲು ತಾನು ಕೂತು ನೋಡುವುದು. ಕೆಲಸ ಕಲಿತ ದಿನದಿಂದ ಅದನ್ನು ಅವನು ಮುರಿದಿರಲಿಲ್ಲ.

ಆಳು ಬಾಗಿಲಿನಷ್ಟು ಅಗಲ. ಬೀದಿಗೆಲ್ಲ ಅವನು ಕುಶನ್ ಮಾಮ; ತಲೆ ನರೆತ ಮೇಲೂ ಅವನನ್ನು ಪುಟ್ಟ ಎಂದು ಕರೆಯುವವಳು ಲೋಕದಲ್ಲಿ ಒಬ್ಬಳೇ, ಅವನ ಅಕ್ಕ. ಸಂಗೀತದ ವಿಷಯದಲ್ಲಿ ಮಾತ್ರ ಅವನ ಮುಂದೆ ಹಾಡುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಅವನ ಹೊಲಿಗೆ ಯಂತ್ರದ ಸದ್ದಿಗೂ ಹಾಡಿಗೂ ಇರುವ ವ್ಯತ್ಯಾಸವೆಂದರೆ, ಯಂತ್ರ ನಿಂತರೆ ಅವನಿಗೆ ಗೊತ್ತಾಗುತ್ತಿತ್ತು.

ಅಕ್ಕ ಹಾಗಲ್ಲ. ತಾಯಿ ತೀರಿಕೊಂಡಾಗ ಅವಳಿನ್ನೂ ಶಾಲೆ ಬಿಟ್ಟಿರಲಿಲ್ಲ. ತಮ್ಮ ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳು ಒಂದು ಲಾಂಡ್ರಿಗೆ ಸೇರಿ, ಜೀವಮಾನವಿಡೀ ನಿಂತು ಬಟ್ಟೆ ಇಸ್ತ್ರಿ ಮಾಡಿ ಅವನನ್ನು ಸಾಕಿದಳು. ಆ ಲಾಂಡ್ರಿಯ ಅಟ್ಟಣಿಗೆಯ ಮೇಲೆ ಮರದ ಪೆಟ್ಟಿಗೆಯ ಒಂದು ಹಳೇ ರೇಡಿಯೋ ಇತ್ತು. ಬೆಳಿಗ್ಗೆ ಹಚ್ಚಿದರೆ ಸಂಜೆ ಬಾಗಿಲು ಹಾಕುವವರೆಗೆ ಅದು ಹಾಡುತ್ತಲೇ ಇರುತ್ತಿತ್ತು. ಬಿಸಿ ಇಸ್ತ್ರಿ, ಒದ್ದೆ ಬಟ್ಟೆಯ ಹಬೆ, ಪೆಟ್ಟಿಗೆಯೊಳಗಿಂದ ಬರುವ ದುಂಡನೆಯ ದನಿ, ಇಷ್ಟರಲ್ಲಿ ಅವಳ ಯೌವನ ಮುಗಿದುಹೋಯಿತು. ಮದುವೆ ಆಗಲಿಲ್ಲವಲ್ಲ ಎಂದು ಯಾರಾದರೂ ಲೊಚಗುಟ್ಟಿದರೆ, “ಕಾಲು ನೋವಿತ್ತು, ಹಾಡೂ ಇತ್ತು, ಸರಿಹೋಯ್ತು” ಅನ್ನುತ್ತಿದ್ದಳು.

ಈಗ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ಒಂದು ಕೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಒರಗುಕುರ್ಚಿಯಲ್ಲಿ ಕೂರಬೇಕು. ರಕ್ತ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರುತ್ತದೆ. “ನಾನು ಬಟ್ಟೆ ಒಗೆಯೋ ಜಾಗದಲ್ಲಿದ್ದೆ, ಈಗ ನನ್ನನ್ನೇ ಒಗೀತಾರೆ” ಎಂದು ಅವಳು ಮೊದಮೊದಲು ನಗಿಸಿದ್ದಳು. ಆಮೇಲೆ ನಗಿಸುವುದನ್ನು ಬಿಟ್ಟಳು. ಒಂದು ದಿನ ಊಟದ ಹೊತ್ತಿಗೆ, ಉಪ್ಪು ಕಡಿಮೆ ಹಾಕಿದ ತನ್ನ ತಟ್ಟೆಯನ್ನು ಸರಿಸಿ, ತಣ್ಣಗೆ ಹೇಳಿದಳು.

“ಈ ತಿಂಗಳು ಕಳೀಲಿ. ಆಮೇಲೆ ನಾನು ಹೋಗಲ್ಲ.”

“ಎಲ್ಲಿಗೆ?” ಎಂದ ಮಾಮ, ತುತ್ತು ಕೈಯಲ್ಲೇ ಇತ್ತು.

“ಮೆಷಿನ್‌ಗೆ.”

ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಆ ಮೇಜಿನ ಸುತ್ತ ಕೂತ ಮೂವರಿಗೂ ಗೊತ್ತಿತ್ತು. ಕೆಲವು ವಾರ, ಅಷ್ಟೇ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮಾಮನ ಹೆಂಡತಿ ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದಳು.

“ಸೂಜಿ ಅಷ್ಟು ನೋಯತ್ತಾ ಅಕ್ಕ?”

“ಸೂಜಿ ಏನು ಮಹಾ. ಇಸ್ತ್ರಿಪೆಟ್ಟಿಗೇಲಿ ಸುಟ್ಟುಕೊಂಡ ಕೈ ಇದು. ಆ ನಾಲ್ಕು ಗಂಟೆ ಕಣೋ. ಒಂದು ಕಡೆ ಗೋಡೆ ಮೇಲೆ ಟೀವಿ ಅರಚತ್ತೆ, ರಿಮೋಟ್ ಎಲ್ಲಿದೆ ಅಂತ ದೇವರಿಗೂ ಗೊತ್ತಿಲ್ಲ. ಪಕ್ಕದ ಕುರ್ಚಿಯವನು ಫೋನಲ್ಲಿ ಆಸ್ತಿ ಜಗಳ ಆಡ್ತಾನೆ. ಮೆಷಿನ್ನುಗಳು ಸರದಿ ಮೇಲೆ ಕುಂಯ್ ಅಂತವೆ. ಕೂತು ಕೂತು ನಾನು ಅಲ್ಲಿ ಇದ್ದೀನಿ ಅನ್ನೋದು ಬಿಟ್ಟು ಬೇರೆ ಏನೂ ತಲೇಲಿ ಇರಲ್ಲ. ಸಾಕು.”

“ಫೋನಲ್ಲಿ ಹಾಡು ಕೇಳು ಅಂದಿದ್ನಲ್ಲ.”

“ಆ ಕಡ್ಲೆಕಾಯಿ ಬೀಜದಂಥದ್ದು ಕಿವಿಯೊಳಗೆ ನಿಲ್ಲಲ್ಲ, ನಿಂತರೆ ನೋಯತ್ತೆ. ದನಿಯೋ, ಸೊಳ್ಳೆ ಹಾಡಿದ ಹಾಗೆ.”

ಮಾಮ ತುತ್ತನ್ನು ತಟ್ಟೆಗೆ ಹಾಕಿದ. ಅವನು ಅಳುವವನಲ್ಲ, ಕೆಲಸ ಹುಡುಕುವವನು. ಅವನಿಗೆ ಅರ್ಥವಾದದ್ದು ಇಷ್ಟೇ: ಒಬ್ಬರು ಬಹಳ ಹೊತ್ತು ಕೂರಬೇಕು, ಕೂರಲು ಆಗುತ್ತಿಲ್ಲ. ಇದು ತನ್ನ ಕಸುಬಿನ ಮಾತು.

ಮಾರನೇ ದಿನವೇ ಅಕ್ಕನನ್ನು ಅಂಗಡಿಯ ವ್ಯಾನಿನಲ್ಲಿ ಕೂರಿಸಿಕೊಂಡು, ಹಿಂದೆ ಫೋಮಿನ ಹಾಳೆಗಳು ಅಲ್ಲಾಡುತ್ತಿರುವಂತೆಯೇ, ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದ. ಗಾಜಿನ ಕಪಾಟಿನ ತುಂಬ ಹೆಡ್‌ಫೋನುಗಳು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಅಂಗಡಿಯಾಕೆ ನಗುತ್ತ ಬಂದಳು.

“ಎಷ್ಟು ಹೊತ್ತು ಹಾಕ್ಕೋತೀರ ಅಮ್ಮ?”

“ಒಂದೇ ಸಮ ನಾಲ್ಕು ಗಂಟೆ.”

“ಅಷ್ಟೊತ್ತಾ! ಕೆಲಸಕ್ಕಾ?”

“ಹೂಂ, ಕೂರೋ ಕೆಲಸ” ಎಂದಳು ಅಕ್ಕ.

ಮೊದಲು ಕೊಟ್ಟದ್ದು ಹೊರಗಿನ ಸದ್ದನ್ನೆಲ್ಲ ನುಂಗುವಂಥದ್ದು, ಹೊಳೆಯುವ ಕಪ್ಪು, ದಪ್ಪ. ಅಕ್ಕನ ಸಣ್ಣ ತಲೆಯ ಮೇಲೆ ಅದು ಮೂಗಿಗಿಂತ ಮೂಗುತಿ ಭಾರ ಎಂಬಂತೆ ಕೂತು ಕತ್ತು ಬಗ್ಗಿಸಿತು. ಎರಡನೆಯದು ಹಗುರ. ಮಾಮ ಹೆಬ್ಬೆರಳಿನಿಂದ ಅದರ ಮೆತ್ತೆಯನ್ನು ಒತ್ತಿ, ಎಷ್ಟು ನಿಧಾನಕ್ಕೆ ಮೇಲೇಳುತ್ತದೆ ನೋಡಿ, ತಲೆದೂಗಿದ. “ಇದು ಫೋಮು ಅಂದ್ರೆ.” ಅಂಗಡಿಯಾಕೆ ಅವನ ಕಿವಿಗೂ ಒಂದು ಹಾಕಲು ಬಂದಳು. “ನನಗೆ ಬೇಡ ತಾಯಿ, ಹಾಡು ಅವಳದು. ನಾನು ದಿಂಬು ನೋಡೋನು.”

“ದಿಂಬೇನೋ ಚೆನ್ನಾಗಿದೆ” ಎಂದು ಅಕ್ಕ ತೆಗೆದು ಕೊಟ್ಟಳು. “ದನಿ ತಗಡು. ಹಾಡೋಳು ಪಾಪ ಬರೀ ಗಂಟಲಿಂದ ಹಾಡ್ತಾಳೆ, ಮೈಯೇ ಇಲ್ಲ.”

ಮೂರನೆಯದು ಯಾರೂ ಕೇಳದೆ ಮೂಲೆಯಲ್ಲಿದ್ದದ್ದು, ಮಣ್ಣಿನ ಬಣ್ಣದ್ದು. ಅದನ್ನು ಹಾಕಿಕೊಂಡು ಅಕ್ಕ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ಚಪ್ಪಲಿಯ ತುದಿ ನೆಲಕ್ಕೆ ಮೆಲ್ಲಗೆ ಬಡಿಯಲು ಶುರುಮಾಡಿತು.

“ಇದು. ಇದು ಬೆಚ್ಚಗಿದೆ.”

“ದನಿಗೆ ಬಿಸಿ ತಣ್ಣಗೆ ಇರತ್ತಾ?” ಎಂದ ತಮ್ಮ.

“ನಿನಗೆ ಹೇಗೆ ಹೇಳೋದು ಮಾರಾಯ. ಹಾಡಿನ ಕೆಳಗೆ ಒಂದು ದಪ್ಪ ತಂತಿ ನಡೀತಾ ಇರತ್ತೆ. ಅದು ದುಂಡಗೆ ಕೇಳಿಸಿದರೆ ಹಾಡು ಕೂತಿರತ್ತೆ. ಕೇಳಿಸದೇ ಹೋದರೆ ಹಾಡು ನಿಂತೇ ಇರತ್ತೆ, ಕೇಳೋರಿಗೂ ಕಾಲು ನೋವು. ಲಾಂಡ್ರಿ ರೇಡಿಯೋದಲ್ಲಿ ಕೂತಿರ್ತಿತ್ತು.”

ಮಾಮನಿಗೆ ಆ ತಂತಿ ಗಿಂತಿ ತಿಳಿಯಲಿಲ್ಲ, ಕೂರುವುದು ತಿಳಿಯಿತು. ಆದರೆ ಅಷ್ಟು ಹೊತ್ತೂ ಅವನು ನೋಡುತ್ತಿದ್ದದ್ದು ಅಕ್ಕನ ಕೈಯನ್ನು. ಆ ಕೈ ಎರಡು ಸಲ ಕಿವಿಯ ಹಿಂದಕ್ಕೆ ಹೋಗಿ ಬಂದಿತ್ತು. ಅವಳ ಕನ್ನಡಕದ ಕಡ್ಡಿಯನ್ನು ಹೆಡ್‌ಫೋನು ತಲೆಬುರುಡೆಗೆ ಒತ್ತಿ ಹಿಡಿಯುತ್ತಿತ್ತು. ಮೆತ್ತೆ ಹಿಚುಕಿ ನೋಡಿದ. ಅಗ್ಗದ ಫೋಮು, ಹಳೇ ಬ್ರೆಡ್ಡಿನಂತೆ ಬಿರುಸು.

“ಒತ್ತತ್ತಲ್ಲ ಅಕ್ಕ.”

“ಇಲ್ಲಪ್ಪ, ಚೆನ್ನಾಗಿದೆ” ಎನ್ನುತ್ತಿದ್ದಂತೆ ಕೈ ಮತ್ತೆ ಮೇಲೆ ಹೋಯಿತು.

“ನಿನ್ನ ಬಾಯಿ ನಾನು ನಂಬಲ್ಲ. ಇರಲಿ, ಇದನ್ನೇ ತಗೊಳ್ಳೋಣ. ದನಿ ಇವರದು, ಮೆತ್ತೆ ನನ್ನದು.”

ಅಂಗಡಿಯಾಕೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ದುಡ್ಡು ಎಣಿಸಿ ಕೊಟ್ಟು, ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲು ದಾಟಿಯಾಗಿತ್ತು.

ಸೋಫಾ ಕೆಲಸದವರ ಪದ್ಧತಿ ಒಂದಿದೆ. ಹಳೆಯ ಹೊದಿಕೆಯನ್ನು ಮೊದಲು ಹೊಲಿಗೆಗೆ ಹೊಲಿಗೆ ಬಿಚ್ಚಿ, ಚಪ್ಪಟೆಯಾಗಿ ಹರಡಿ, ಅದನ್ನೇ ಅಳತೆಯಾಗಿಟ್ಟುಕೊಂಡು ಹೊಸ ಬಟ್ಟೆ ಕತ್ತರಿಸುತ್ತಾರೆ. ಹಳೆಯದು ಅಲ್ಲಿಗೆ ಚಿಂದಿ. ಮಾಮ ಹಾಗೆಯೇ ಮಾಡಿದ. ಹೆಡ್‌ಫೋನಿನ ಎರಡೂ ಮೆತ್ತೆ ಕಳಚಿ, ಬ್ಲೇಡು ಹಾಕಿ ಬಿಚ್ಚಿ, ಸೀಮೆಸುಣ್ಣದಲ್ಲಿ ಗೀಚಿ ಅಳತೆ ತೆಗೆದು, ಉಳಿದದ್ದನ್ನು ಕಸದ ಬುಟ್ಟಿಗೆ ಒಗೆದ. ಮೃದುವಾದ ಫೋಮಿನಲ್ಲಿ ಎರಡು ಬಳೆ ಕೊಯ್ದು, ಕನ್ನಡಕದ ಕಡ್ಡಿ ಹಾಯಲಿ ಎಂದು ಪಕ್ಕದಲ್ಲಿ ಒಂದು ಸಣ್ಣ ತೋಡು ತೆಗೆದ. ಮೇಲೆ ಕೆಂಪು ಮಖಮಲ್ಲು. ಶ್ರೀಮಂತರ ಮನೆಯ ಕುರ್ಚಿಯೊಂದರಿಂದ ಮಿಕ್ಕಿದ್ದು. ಮಖಮಲ್ಲಿನ ಒಳಗೆ ಅಸ್ತರು. ಹೊದಿಕೆಯ ಹೊಟ್ಟೆಯೊಳಗೆ ಕೊಡುವ ಗಟ್ಟಿ ಬಟ್ಟೆಗೆ ಅಸ್ತರು ಅನ್ನುತ್ತಾರೆ, ಈಗಿನವರ ಬಾಯಲ್ಲಿ ಅದು ಲೈನಿಂಗು. ಅಸ್ತರಿಲ್ಲದ ಮೆತ್ತೆ ಬತ್ತಲೆ ಮೆತ್ತೆ ಎಂದು ಅವನಿಗೆ ಕೆಲಸ ಕಲಿಸಿದ ಯಜಮಾನ ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟಿದ್ದ.

ಹಳೆಯ ಮೆತ್ತೆಯ ನಡುವೆ, ದನಿ ಬರುವ ತೂತಿನ ಮೇಲೆ, ಜೇಡರಬಲೆಯಷ್ಟು ತೆಳ್ಳನೆಯ ಒಂದು ಜಾಳು ಬಟ್ಟೆ ಇತ್ತು. ಇದೆಂಥ ಹರಕು ಕೆಲಸ ಎಂದು ಮಾಮ ಅದನ್ನು ಕಿತ್ತೆಸೆದು, ದಪ್ಪ ಹತ್ತಿಯ ಅಸ್ತರನ್ನು ಎರಡು ಪದರ ಮಾಡಿ, ನಡುವಿನ ತೂತಿನ ಮೇಲೂ ತಮಟೆಯ ಹಾಗೆ ಬಿಗಿಯಾಗಿ ಎಳೆದು ಹೊಲಿದ. ಆನೆ ಕೂತರೂ ಜಗ್ಗುತ್ತಿರಲಿಲ್ಲ. ಯಾವ ಆನೆ ಬಂದು ಅಕ್ಕನ ಕಿವಿಯ ಮೇಲೆ ಕೂರುವುದಿತ್ತೋ ಅವನೇ ಬಲ್ಲ.

ಮುಂದಿನ ಸಲ ಆಸ್ಪತ್ರೆಯಲ್ಲಿ ನರ್ಸು ಸೂಜಿ ಚುಚ್ಚಿ ಯಂತ್ರ ಶುರುಮಾಡಿದ ಮೇಲೆ, ಮಾಮ ‘ಒಳಗೆ ಎರಡು ಪದರ ಅಸ್ತರು ಕೊಟ್ಟಿದ್ದೀನಿ’ ಎಂದು ತಾನೇ ಅಕ್ಕನ ತಲೆಗೆ ಹೆಡ್‌ಫೋನು ಹಾಕಿ, ಫೋನಿನಲ್ಲಿ ಅವಳ ಹಾಡುಗಳನ್ನು ಹಚ್ಚಿ, ಎದುರು ಸ್ಟೂಲಿನ ಮೇಲೆ ಕೂತ.

“ಹೇಗಿದೆ” ಎಂದು ಕೇಳಲಿಲ್ಲ. ಅವಳೇ ಹೇಳಿದಳು: “ಹೂವಿನ ಹಾಗಿದೆ ಕಣೋ ಪುಟ್ಟ.”

ಸೂಜಿ ಚುಚ್ಚಿದ ಕೈ ಅಲ್ಲಾಡುವಂತಿಲ್ಲ. ಇನ್ನೊಂದು ಕೈಯನ್ನು ಅವನು ಕಾಯುತ್ತ ಕೂತ. ಅದು ಹೊದಿಕೆಯ ಮೇಲೆ ಬಿದ್ದದ್ದು ಬಿದ್ದ ಹಾಗೆಯೇ ಇತ್ತು. ಕಿವಿಯ ಹತ್ತಿರ ಸುಳಿಯಲಿಲ್ಲ. ಟೀವಿ ಅರಚಿತು, ಪಕ್ಕದ ಕುರ್ಚಿಯವನು ತನ್ನ ದಾಯಾದಿಗಳ ಜನ್ಮ ಜಾಲಾಡಿದ, ಕೈ ಏಳಲಿಲ್ಲ. ಗೆದ್ದೆ ಎಂದುಕೊಂಡ ಮಾಮ. ಮನೆಗೆ ಬಂದು ಹೆಂಡತಿಯ ಮುಂದೆ ಬೀಗಿದ. ಅದರ ಮುಂದಿನ ಸಲವೂ ಹಾಗೆಯೇ, ಅದರ ಮುಂದಿನ ಸಲವೂ. ಕೈಯನ್ನು ನೋಡಿದವನು ಕಾಲನ್ನು ನೋಡಲಿಲ್ಲ. ಹೊದಿಕೆಯ ಕೆಳಗೆ ಅವಳ ಕಾಲಿನ ಬೆರಳುಗಳು ಮರದ ತುಂಡಿನಂತೆ ಸುಮ್ಮನಿದ್ದವು.

ತಿಂಗಳ ಕೊನೆಯ ವಾರ ಬಂತು. ಬುಧವಾರ ಆಸ್ಪತ್ರೆಯಿಂದ ಬರುವ ದಾರಿಯಲ್ಲಿ, ವ್ಯಾನು ಸಿಗ್ನಲ್ಲಿನಲ್ಲಿ ನಿಂತಾಗ, ಅಕ್ಕ ಹೇಳಿದಳು.

“ಶನಿವಾರದ್ದು ಕೊನೇದು.”

ಮಾಮನಿಗೆ ಮೈಯೆಲ್ಲ ಉರಿದುಹೋಯಿತು. “ಏನು ಕೊನೇದು? ಅಷ್ಟು ಮೆತ್ತಗೆ ಮಾಡಿಕೊಟ್ಟಿದ್ದೀನಿ! ಒಂದು ಸಲ ಕೈ ಎತ್ತಿದ್ದೀಯಾ ನೀನು? ನಾನು ನೋಡಿಲ್ವಾ?”

“ಮೆತ್ತಗಿದೆ ಕಣೋ. ಯಾರು ಇಲ್ಲ ಅಂದರು?”

“ಮತ್ತೆ?”

“ಹಾಡು ಯಾಕೋ ಹಿಡಿಸ್ತಾ ಇಲ್ಲ. ವಯಸ್ಸಾಯ್ತು, ಕಿವಿಗೂ ಸಾಕಾಗಿರಬೇಕು.”

ಹಿಂದಿನ ಗಾಡಿಗಳು ಹಾರನ್ನು ಬಾರಿಸಿದವು. ಮಾಮ ಗೇರು ಹಾಕಲಿಲ್ಲ. “ಅಕ್ಕ, ನನಗೆ ನೀನು ಬೇಕು” ಎಂದ. ಅಷ್ಟು ದೊಡ್ಡ ಆಳಿನ ಗಂಟಲಿಂದ ಅಷ್ಟು ಸಣ್ಣ ದನಿ ಬಂತು. “ಅಮ್ಮನ ಮುಖ ನನಗೆ ನೆನಪಿಲ್ಲ. ಅಮ್ಮ ಅಂದ್ರೆ ನನಗೆ ಇಸ್ತ್ರಿ ವಾಸನೆ.”

“ಗೊತ್ತು ಕಣೋ” ಎಂದಳು ಅಕ್ಕ, ಕಿಟಕಿಯ ಹೊರಗೆ ನೋಡುತ್ತ. “ಅದಕ್ಕೇ ಇಷ್ಟು ದಿನ ಕೂತೆ. ನಡಿ, ಹಸಿರು ಬಂತು.”

ಆ ಸಂಜೆ ಅವನು ಅಂಗಡಿಯಲ್ಲಿ ಒಂದು ಕುರ್ಚಿಯ ಹಳೇ ಮೊಳೆಗಳನ್ನು, ಅವುಗಳಿಗೂ ಹಿಂದಿನ ಜನ್ಮದ ವೈರಕ್ಕೂ ಸಂಬಂಧವಿದೆ ಎಂಬಂತೆ, ಕೀಳುತ್ತ ಕೂತಿದ್ದ. ಹೆಂಡತಿ ಪಕ್ಕದ ಯಂತ್ರದಲ್ಲಿ ಅಂಚಿನ ಪಟ್ಟಿ ಹೊಲಿಯುತ್ತಿದ್ದಳು. ಅವನು ನಡೆದದ್ದೆಲ್ಲ ಹೇಳಿದ. ಅವಳು ಯಂತ್ರ ನಿಲ್ಲಿಸಿದಳು.

“ಅತ್ತಿಗೆಗೆ ಹಾಡು ಹಿಡಿಸ್ತಾ ಇಲ್ವಂತಾ? ಸೂರ್ಯ ಪಶ್ಚಿಮದಲ್ಲಿ ಹುಟ್ಟಿದನಂತೆ ಅನ್ನಿ. ಅಲ್ಲ, ನೀವು ಅದನ್ನ ಒಂದು ಸಲನಾದ್ರೂ ಹಾಕ್ಕೊಂಡು ನೋಡಿದ್ರಾ?”

“ಯಾವುದನ್ನ?”

“ಆ ಹೆಡ್‌ಫೋನನ್ನ. ಕಂಡವರ ಸೋಫಾ ಎಲ್ಲ ಮೊದಲು ನೀವು ಕೂತು ನೋಡ್ತೀರಲ್ಲ.”

ಮಾಮನ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು. ನೋಡಿರಲಿಲ್ಲ. ಹಾಡು ತನ್ನ ವಿಷಯವಲ್ಲ ಎಂಬ ಒಂದೇ ಕಾರಣಕ್ಕೆ, ಜೀವಮಾನದ ನಿಯಮವನ್ನು ಅವನು ಅಕ್ಕನ ಪಾಲಿಗೇ ಮುರಿದಿದ್ದ.

ಅವನು ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ, ಮಲಗಿದ್ದ ಅಕ್ಕನ ಪಕ್ಕದ ಮೇಜಿನ ಮೇಲಿಂದ ಹೆಡ್‌ಫೋನು ತಂದು, ಹಾಡು ಹಚ್ಚಿ, ತಲೆಗೆ ಸಿಕ್ಕಿಸಿಕೊಂಡ. ಪಕ್ಕದ ಮನೆಯ ಪಕ್ಕದ ಮನೆಯಲ್ಲಿ ಯಾರೋ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳಿಸಿತು. ಹಾಡುವವಳು ಹೆಣ್ಣೋ ಗಂಡೋ ಗೊತ್ತಾಗಲಿಲ್ಲ. ಹಾಡೋ ಸುದ್ದಿಯೋ ಅದೂ ಗೊತ್ತಾಗಲಿಲ್ಲ. ಸಂಗೀತ ತಿಳಿಯದ ಕೋಣನಿಗೂ ತಿಳಿಯುವಷ್ಟು ಕೆಟ್ಟದಾಗಿತ್ತು.

ಹೆಂಡತಿ ಕಸಿದು ತಾನೂ ಕೇಳಿ, ಮೆತ್ತೆಯ ನಡುವೆ ಬೆರಳಿಟ್ಟು ತಟ್ಟಿದಳು. “ಇದೇನು ಇಲ್ಲಿ?”

“ಅಸ್ತರು.”

“ದನಿ ಬರೋ ಬಾಯಿಗೆ ಅಸ್ತರು ಕೊಟ್ರಾ! ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದ್ರಲ್ಲ!”

“ಲಾಂಡ್ರಿ ರೇಡಿಯೋಗೂ ಮುಂದೆ ಬಟ್ಟೆ ಇತ್ತಲ್ಲ?” ಎಂದ ಮಾಮ, ಸೋತ ದನಿಯಲ್ಲಿ.

“ಅದು ಜಾಳು ಬಟ್ಟೆ ಕಣ್ರೀ, ಬೆಳಕಿಗೆ ಹಿಡಿದರೆ ಆಚೆ ಮುಖ ಕಾಣೋದು. ನೀವು ಕೊಟ್ಟಿರೋದು ಗೋಣಿಚೀಲ. ಪಾಪ, ಅವರು ನೀವು ಪ್ರೀತಿಯಿಂದ ಹೊಲಿದಿದ್ದೀರಿ ಅಂತ ಬಾಯಿ ಬಿಟ್ಟಿಲ್ಲ.”

ಅದು ಅವನಿಗೆ ನಾಟಿತು. ಗಿರಾಕಿಗಳ ದಾಕ್ಷಿಣ್ಯವನ್ನು ಹಿಡಿಯುವವನು ಅಕ್ಕನ ದಾಕ್ಷಿಣ್ಯಕ್ಕೆ ಬಿದ್ದಿದ್ದ. ಇರುವ ನಾಲ್ಕು ದಿನದಲ್ಲಿ ಅವಳು ತಮ್ಮನ ಮನಸ್ಸು ನೋಯದಿರಲೆಂದು ಗಂಟೆಗಟ್ಟಲೆ ಸತ್ತ ಹಾಡು ಕೇಳಿಸಿಕೊಂಡು ಕೂತಿದ್ದಳು. ಅವನಿಗೆ ತನ್ನ ಮೇಲೆ ಹೇಸಿಗೆ ಬಂತು, ಅವಳ ಮೇಲೆ ಸಿಟ್ಟೂ ಬಂತು, ಎರಡೂ ಸೇರಿ ಕಣ್ಣಲ್ಲಿ ನೀರು ಬಂತು. ಹೆಂಡತಿ ನೋಡದವಳಂತೆ ಮತ್ತೆ ಯಂತ್ರ ತುಳಿದಳು.

ಗುರುವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡ. ಬಂದ ಗಿರಾಕಿಗಳಿಗೆಲ್ಲ ನಾಳೆ ಬನ್ನಿ ಅಂದ. ಬ್ಲೇಡು ತೆಗೆದುಕೊಂಡು ಅಸ್ತರನ್ನು ಕೊಯ್ದು ಹಾಕಿ, ಅಕ್ಕನ ಒಂದೇ ಒಂದು ಹಾಡನ್ನು ಮತ್ತೆ ಮತ್ತೆ ಹಚ್ಚಿ ಕೇಳಿದ. ಕಂಬಳಿಯೇನೋ ಸರಿಯಿತು, ಮಾತು ಸ್ಪಷ್ಟವಾಯಿತು. ಆದರೆ ಈಗ ದನಿ ತಗಡು. ಹಾಡುವವಳಿಗೆ ಗಂಟಲಿದೆ, ಮೈಯಿಲ್ಲ. ಅಂಗಡಿಯಲ್ಲಿ ಅಕ್ಕ ಹೇಳಿದ್ದು ಇದನ್ನೇ ಎಂದು ಅವನಿಗೆ ಹೊಳೆದು, ಒಂದು ಕ್ಷಣ ತನ್ನ ಕಿವಿಯ ಬಗ್ಗೆಯೇ ಆಶ್ಚರ್ಯವಾಯಿತು.

ಎರಡೂ ಮೆತ್ತೆಯನ್ನು ಅಂಗೈಯಿಂದ ಕಿವಿಗೆ ಒತ್ತಿ ಹಿಡಿದು ನೋಡಿದ. ದುಮ್ ಎಂದು ಎಲ್ಲೋ ಕೆಳಗಿಂದ ಏನೋ ಎದ್ದು ಬಂತು. ಕೈ ಬಿಟ್ಟ, ಹೋಯಿತು. ಒತ್ತಿದ, ಬಂತು. ಅಕ್ಕನ ದಪ್ಪ ತಂತಿ! ಓಹೋ, ಇದು ಸೋರುತ್ತಿದೆ. ಮಖಮಲ್ಲಿನ ಎಳೆಗಳ ನಡುವಿಂದ, ಕನ್ನಡಕಕ್ಕೆಂದು ತೆಗೆದ ಆ ಜಾಣತನದ ತೋಡಿನಿಂದ, ಹಾಡಿನ ಬಿಸಿಯೆಲ್ಲ ಹೊರಗೆ ಹೋಗುತ್ತಿದೆ, ಮುಚ್ಚಳ ಸರಿಯಾಗಿ ಕೂರದ ಪಾತ್ರೆಯಿಂದ ಹೋದ ಹಾಗೆ.

ಆಮೇಲೆ ನಡೆದದ್ದು ಶುದ್ಧ ಹುಚ್ಚು. ಮಖಮಲ್ಲು ಕಿತ್ತು ತೆಳ್ಳನೆಯ ಕುರಿಚರ್ಮ ಹಾಕಿದ. ತಂತಿ ಬಂತು, ಆದರೆ ಕಿವಿ ಬೆವರಿತು. ಕಿವಿಗೆ ತಾಗುವ ಒಳಬದಿಗೆ ಮಾತ್ರ ಹತ್ತಿ ಕೊಟ್ಟು, ಕೆನ್ನೆಗೆ ತಾಗುವ ಕಡೆ ಚರ್ಮ ಉಳಿಸಿದ. ತೋಡನ್ನು ಮುಚ್ಚಿದ, ದನಿ ತುಂಬಿತು, ಕನ್ನಡಕ ಒತ್ತಿತು. ತನ್ನ ಓದುವ ಕನ್ನಡಕವನ್ನೇ ಹಾಕಿಕೊಂಡು ಒಂದೊಂದು ಫೋಮಿನ ತುಂಡನ್ನೂ ಇಟ್ಟು ನೋಡಿದ. ಸೊಂಟನೋವಿನವರ ಕುರ್ಚಿಗೆಂದು ತರಿಸಿದ್ದ, ಒತ್ತಿದರೆ ತಗ್ಗಿ ನಿಧಾನಕ್ಕೆ ಏಳುವ ಫೋಮು ಕೊನೆಗೆ ಕೈಹಿಡಿಯಿತು. ಕಡ್ಡಿಗೆ ಜಾಗ ಬಿಟ್ಟಿತು, ಸುತ್ತ ಸಂದನ್ನೂ ಮುಚ್ಚಿತು. ನಡುವಿನ ತೂತಿಗೆ ಜಾಳು ಹುಡುಕಲು ಪೆಟ್ಟಿಗೆಯೆಲ್ಲ ಚೆಲ್ಲಾಡಿ, ಸಿಕ್ಕ ಪ್ರತಿ ಬಟ್ಟೆಯನ್ನೂ ಬಾಯಿಗಿಟ್ಟು ಊದಿದ. ಆಚೆ ಹಿಡಿದ ಅಂಗೈಗೆ ಉಸಿರು ಅಡ್ಡಿಯಿಲ್ಲದೆ ತಾಗಿದ್ದನ್ನು ಮಾತ್ರ ಇಟ್ಟುಕೊಂಡ. ಬಾಗಿಲಲ್ಲಿ ಇಣುಕಿದ ಗಿರಾಕಿಯೊಬ್ಬ ಇದನ್ನು ನೋಡಿ, ಮಾಮನಿಗೆ ಏನೋ ಆಗಿದೆ ಎಂದು ಬೀದಿಯಲ್ಲಿ ಸುದ್ದಿ ಮಾಡಿದ.

ಶುಕ್ರವಾರ ಮಧ್ಯಾಹ್ನ ಹೆಂಡತಿ ಊಟಕ್ಕೆ ಕರೆಯಲು ಬಂದಾಗ ಮಾಮ ಹೊಲಿಗೆ ಮುಗಿಸಿ, ಹೆಡ್‌ಫೋನು ಹಾಕಿಕೊಂಡು, ಅರ್ಧ ಬಿಚ್ಚಿದ ಸೋಫಾದ ಮೇಲೆ ಒರಗಿದ್ದ. ಕೂಗಿದರೆ ಕೇಳಿಸಲಿಲ್ಲ. ಭುಜ ತಟ್ಟಿದಳು.

“ಇರು” ಎಂದ ಅವನು, ಕಣ್ಣು ಬಿಡದೆ. “ಕೂತಿದೆ.”

ಶನಿವಾರ. ಅದೇ ವಾರ್ಡು, ಅದೇ ಕುರ್ಚಿ, ಅದೇ ಟೀವಿ. ನರ್ಸು ಸೂಜಿ ಚುಚ್ಚಿ ಪಟ್ಟಿ ಅಂಟಿಸಿದಳು. ಅಕ್ಕ ಹೊಸ ಮೆತ್ತೆಯನ್ನು ಕಂಡರೂ ಏನೂ ಕೇಳಲಿಲ್ಲ; ಅದೂ ದಾಕ್ಷಿಣ್ಯವೇ. ಅವನು ಅದನ್ನು ಅವಳ ತಲೆಗೆ ಹಾಕಿ, ಹಾಡು ಹಚ್ಚಿ, ಸ್ಟೂಲಿನ ಮೇಲೆ ಕೂತು, ಈ ಸಲ ಕಾಲ ಕಡೆ ನೋಡಿದ.

ಅಕ್ಕ ಕಣ್ಣು ತೆರೆದು ಅವನನ್ನು ಒಮ್ಮೆ ನೋಡಿದಳು. ಮತ್ತೆ ಮುಚ್ಚಿದಳು. ಮೊದಲ ಹಾಡು ಮುಗಿಯಿತು, ಎರಡನೆಯದು ಮುಗಿಯಿತು, ಕಾಲು ಸುಮ್ಮನಿತ್ತು. ಮಾಮ ಸ್ಟೂಲಿನ ಮೇಲೆ ಮೈ ಜರುಗಿಸಿದ. ತಡವಾಯಿತು, ಅವಳು ಆಗಲೇ ಮನಸ್ಸು ಕಿತ್ತುಕೊಂಡುಬಿಟ್ಟಿದ್ದಾಳೆ ಎಂದುಕೊಂಡ. ಬಾಯಿಬಿಟ್ಟು ಕೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಕೇಳಿದರೆ ಹೂವಿನ ಹಾಗಿದೆ ಅನ್ನುತ್ತಾಳೆ, ಅದರಿಂದ ಏನು ಪ್ರಯೋಜನ? ತುಟಿ ಕಚ್ಚಿ ಕೂತ.

ಹೊದಿಕೆ ಅಲುಗಿದ್ದು ಯಾವಾಗ ಎಂದು ಅವನಿಗೆ ಸರಿಯಾಗಿ ತಿಳಿಯಲಿಲ್ಲ. ನೋಡುತ್ತಿದ್ದಂತೆ ಹೆಬ್ಬೆರಳಿನ ಮೇಲೆ ಬಟ್ಟೆ ಒಂದಿಷ್ಟು ಎದ್ದು ಬಿತ್ತು. ಮತ್ತೆ ಎದ್ದಿತು, ಬಿತ್ತು. ಆಮೇಲೆ ಅದು ನಿಲ್ಲಲಿಲ್ಲ. ಅಂಗಡಿಯಲ್ಲಿ ಎರಡು ದಿನ ಹಚ್ಚಿ ಹಚ್ಚಿ ಕೇಳಿದ ಆ ಹಾಡು ಮಾಮನಿಗೆ ಈಗ ಬಾಯಿಪಾಠ. ತಂತಿ ಎಲ್ಲಿ ಬೀಳುತ್ತದೆ ಎಂದು ಅವನಿಗೂ ಗೊತ್ತು. ಸ್ಟೂಲಿನ ಕೆಳಗೆ ಅವನ ಕಾಲೂ ಬಡಿಯತೊಡಗಿತು. ಪಕ್ಕದ ಕುರ್ಚಿಯವನು ಫೋನು ಇಳಿಸಿ, ಅಕ್ಕತಮ್ಮ ಇಬ್ಬರಿಗೂ ಒಟ್ಟಿಗೆ ಏನಾಯಿತು ಎಂದು ನೋಡಿದ.

ಹೊತ್ತು ಮುಗಿದು ಯಂತ್ರ ಕುಂಯ್ ಎಂದಿತು. ನರ್ಸು ಬಂದಳು. ಗಂಟೆ ಮುಗಿಯುವ ಮೊದಲೇ ‘ಸಾಕು ತೆಗಿಯಮ್ಮ, ನಿನ್ನ ಪುಣ್ಯ’ ಎಂದು ಗೋಗರೆಯುತ್ತಿದ್ದವಳು ಅಕ್ಕ. ನರ್ಸು ಪಟ್ಟಿಗೆ ಕೈ ಹಾಕುವಷ್ಟರಲ್ಲಿ ಅಕ್ಕ ಕಣ್ಣು ತೆರೆಯದೆ ಅಂಗೈ ಎತ್ತಿ ತಡೆದಳು.

“ತಾಳಮ್ಮ. ಈ ಹಾಡು ಮುಗೀಲಿ.”

ನರ್ಸು ಮಾಮನ ಮುಖ ನೋಡಿದಳು. ಮಾಮ ಟೀವಿ ನೋಡಿದ.

ವ್ಯಾನಿನಲ್ಲಿ ಅಕ್ಕ ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಹೊಲಿಗೆಯನ್ನು ಸುತ್ತಲೂ ಸವರುತ್ತಿದ್ದಳು. ಸಿಗ್ನಲ್ಲಿನಲ್ಲಿ ವ್ಯಾನು ನಿಂತಿತು. ಮಾಮ ಮುಂದಿನ ಗಾಡಿಯ ನಂಬರನ್ನು ಮೂರು ಸಲ ಓದಿದ.

“ಈ ಮೆತ್ತೆ ಎಷ್ಟು ದಿನ ಬಾಳತ್ತೋ?” ಎಂದಳು ಅಕ್ಕ.

“ವಾರಕ್ಕೆ ಮೂರು ಸಲ ಹಾಕ್ಕೊಂಡ್ರೆ ಒಂದು ವರ್ಷ ಬರಬಹುದು. ತೆಳು ಚರ್ಮ, ಆಮೇಲೆ ಬಿರುಕು ಬಿಡತ್ತೆ.”

ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು.

“ಹಾಗಾದ್ರೆ ಇನ್ನೂ ಎರಡು ಜೊತೆ ಹೊಲಿದಿಡು.”

ಹಸಿರು ದೀಪ ಬಂತು. ಹಿಂದಿನವರು ಹಾರನ್ನು ಬಾರಿಸಿದರು. ಮಾಮನಿಗೆ ರಸ್ತೆ ಕಾಣಿಸುತ್ತಿರಲಿಲ್ಲ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

“ಯಾವ ಬಣ್ಣದ್ದ ಅಕ್ಕ?”

“ಯಾವುದಾದ್ರೂ ಸರಿ. ಆ ನಿನ್ನ ಅಸ್ತರು ಮಾತ್ರ ಬೇಡ ಪುಟ್ಟ” ಎಂದು ಅಕ್ಕ ಹೆಡ್‌ಫೋನನ್ನು ಮತ್ತೆ ಕಿವಿಗೆ ಹಾಕಿಕೊಂಡಳು.